ಬಾಟ್ಲಿ ಮುಚ್ಚಳ ತೆಗೆದ ಮೇಲೆ ಎಷ್ಟು ದಿನ?

ಯಂಗಳ ಬದಿಯಲ್ಲಿ ಏಪ್ರಿಲ್-ಮೇ ಬಂತು ಅಂದ್ರೆ ಮನೆ ಹೆಂಗಸರಿಗೆ ಪುರಸೊತ್ತು ಹೇಳದೇ ಇಲ್ಲೆ. ಬೆಟ್ಟದಿಂದ ಮುರುಗಲು ಹಣ್ಣು ಬತ್ತು, ಬನವಾಸಿ ಬದಿಯಿಂದ ಅನಾನಸ್ ಬತ್ತು, ಹಿತ್ಲಲ್ಲಿ ಮಾವು-ಹಲಸು ಬಿದ್ದು ಕೊಳೆಯಲೆ ಶುರು ಆಗ್ತು. ಮಳೆ ಹಿಡಿಯದ್ರೊಳಗೆ ಎಲ್ಲದನ್ನೂ ಒಂದು ದಾರಿಗೆ ಹಚ್ಚವು. ಸಿರಪ್ಪು, ಜಾಮು, ಗುಳಂಬ, ಮಾವಿನ ಹಣ್ಣಿನ ರಸ – ಯಾವುದನ್ನ ಹ್ಯಾಂಗೆ ಮಾಡದು ಹೇಳಿ ಕೇಳಿದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಮನೆ ಜಗಲಿಯಲ್ಲಿ ಕೂತ್ರೂ ಒಂದಲ್ಲ, ನಾಲ್ಕು ಕ್ರಮ ಹೇಳಿಕೊಡ್ತ. ಆದ್ರೆ ಬಾಟ್ಲಿಯ ಮುಚ್ಚಳ ತೆಗೆದ ಮೇಲೆ ಎಷ್ಟು ದಿನ ತಿಂಬಲಕ್ಕು, ಎಲ್ಲಿ ಇಡವು, ಎಂತ ಕಂಡ್ರೆ ಚೆಲ್ಲವು ಹೇಳಿ ಒಂದ್ಸಲ ಕೇಳಿ ನೋಡಿ. "ಹಾಳಾಗವರೆಗೆ ತಿಂಬದು, ಅಷ್ಟೇಯ" ಹೇಳ ಉತ್ತರ ಬತ್ತು.

ಯನ್ನ ಅಭಿಪ್ರಾಯ ಮೊದಲಿಗೇ ಹೇಳಿಬಿಡ್ತಿ. ಈಗ ಯಂಗಳ ಮನೆಗಳಲ್ಲಿ ಹಣ್ಣಿನ ಪಾಕ ಮಾಡ ಕ್ರಮ ಬದಲಾಯ್ದು, ಇಡ ರೂಢಿ ಬದಲಾಜಿಲ್ಲೆ. ಶುಗರ್ರು ಹೇಳಿ ಸಕ್ಕರೆ ಅರ್ಧ ಮಾಡಿದ್ಯ. ಪೇಟೆಯ ದೊಡ್ಡ ಬಾಟ್ಲಿ ಸಿಕ್ಕಿತು ಹೇಳಿ ಎಲ್ಲದನ್ನೂ ಅದರಲ್ಲೇ ತುಂಬಿದ್ಯ. ಈ ಎರಡು ಒಟ್ಟಿಗೆ ಹೊಂದಿಕೆ ಆಗ್ತಿಲ್ಲೆ. ಸಕ್ಕರೆ ಕಡಿಮೆ ಮಾಡಿದ್ರೆ ಬಾಟ್ಲಿಯೂ ಸಣ್ಣ ಆಗವು, ಮುಚ್ಚಳ ತೆಗೆದ ತಾರೀಖು ಬರೆದು ಇಡವು. ಅದೆಲ್ಲ ರಗಳೆ ಅಂದ್ರೆ ಅಜ್ಜಿ ಹಾಕಿದಷ್ಟೇ ಸಕ್ಕರೆ ಹಾಕವು. ಮಧ್ಯದ ದಾರಿ ಹೇಳದು ಇಲ್ಲೆ.

ಹಳೇ ಕಾಲದ ಮುರುಗಲು ಸಿರಪ್ಪನ್ನೇ ನೋಡಿ. ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ, ಭರಣಿಯಲ್ಲಿ ಒತ್ತಿ ಬಿಸಿಲಿಗೆ ಇಡದು. ಸಿಪ್ಪೆ ಒಂದು ಪಾಲು ಆದ್ರೆ ಸಕ್ಕರೆ ಎರಡು ಪಾಲು. ನೀರು ಒಂದು ಹನಿಯೂ ಹಾಕಲಾಗ. ಕೆಲವು ದಿನ ಕಳೆಯದ್ರೊಳಗೆ ಸಕ್ಕರೆಯೇ ಸಿಪ್ಪೆಯ ರಸ ಪೂರಾ ಎಳೆದು ಕಡುಕೆಂಪು ಪಾಕ ಆಗ್ತು. ಅದನ್ನ ಸೋಸಿ ದೊಡ್ಡ ಭರಣಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಒಳಕೋಣೆಯ ಕತ್ತಲಲ್ಲಿ ಇಡ್ತಿದ್ದ. ದಿನಬಳಕೆಗೆ ಸಣ್ಣ ಭರಣಿ ಬೇರೆ. ದೊಡ್ಡದರ ಬಾಯಿ ಬಿಚ್ಚದು ಅಪರೂಪಕ್ಕೆ, ಅದೂ ಮಿಂದು ಮಡಿ ಉಟ್ಟವು, ಒಣ ಸೌಟು ಹಿಡ್ಕಂಡು. ಮಕ್ಕ ಆ ಕೋಣೆ ಬದಿಗೆ ಹೋಪಂಗಿಲ್ಲೆ. ಮಿಡಿ ಉಪ್ಪಿನಕಾಯಿಗೂ ಇದೇ ಕಟ್ಟಳೆ.

ಈಗಿನ ಮಕ್ಕಕ್ಕೆ ಇದು ಬರೀ ಮಡಿ-ಮೈಲಿಗೆಯ ಕಥೆ ಹೇಳಿ ಕಾಣ್ತು. ಆದ್ರೆ ಆ ಕಟ್ಟಳೆಯಲ್ಲಿ ಮೂರು ಕೆಲಸದ ಮಾತು ಇದ್ದು. ದೊಡ್ಡ ದಾಸ್ತಾನಿನ ಬಾಯಿ ಪದೇ ಪದೇ ತೆಗೆಯಲಾಗ. ನೀರು ತಾಗಿಸಲಾಗ. ದಿನಾ ಕೈ ಹಾಕ ಪಾತ್ರೆ ಸಣ್ಣದಿರವು, ಅದು ಬೇಗ ಖಾಲಿ ಆಗವು. ಯಂಗ ಮಡಿ ಬಿಟ್ಟದ್ದಕ್ಕೆ ಯನ್ನ ತಕರಾರಿಲ್ಲೆ. ಅದರ ಜೊತೆಗೆ ಈ ಮೂರನ್ನೂ ಬಿಟ್ಟಿದ್ದಕ್ಕೆ ಇದ್ದು.

ಇನ್ನು ಒಳಗಿನ ಕಾರಣ ಎಂತ ನೋಡನ. ಆಹಾರ ಹಾಳು ಮಾಡ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು – ಮೂರಕ್ಕೂ ಬದುಕಲೆ ನೀರು ಬೇಕು. ಪಾಕದಲ್ಲಿ ಸಕ್ಕರೆ ರಾಶಿ ಇದ್ರೆ ಅದು ನೀರನ್ನ ಹಿಡಿದಿಟ್ಗಳ್ತು, ಇವಕ್ಕೆ ಬಿಟ್ಟುಕೊಡ್ತಿಲ್ಲೆ. ಅದ್ಕೇ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಜಾಮ್ ಹೇಳಿ ಮಾರವು ಅಂದ್ರೆ 100 ಗ್ರಾಂನಲ್ಲಿ ಕನಿಷ್ಠ 65 ಗ್ರಾಂ ಕರಗಿದ ಘನಾಂಶ ಇರವು ಹೇಳಿ ಇದ್ದು. ಅದರಲ್ಲಿ ಬಹುಪಾಲು ಸಕ್ಕರೆಯೇ. ಹಣ್ಣಿನ ಸಿರಪ್ಪಿಗೂ 65. ಸ್ಕ್ವಾಶ್‌ಗೆ 40 ಸಾಕು, ಆದ್ರೆ ಅಷ್ಟು ಸಕ್ಕರೆ ಒಂದೇ ಅದನ್ನ ಕಾಯ್ತಿಲ್ಲೆ. ಹಂಗಾಗಿ ಅಂಗಡಿ ಸ್ಕ್ವಾಶ್‌ಗೆ ಸಾಮಾನ್ಯವಾಗಿ ಸಂರಕ್ಷಕ ಹಾಕಿರ್ತ. ಯಂಗಳ ಮನೆಯ 'ಸಕ್ಕರೆ ಕಡಿಮೆ ಸಿರಪ್ಪು' ಹೆಸರಿಗೆ ಸಿರಪ್ಪು, ಲೆಕ್ಕದಲ್ಲಿ ಸ್ಕ್ವಾಶು. ಅದೂ ಸಂರಕ್ಷಕ ಇಲ್ದೇ ಇಪ್ಪ ಸ್ಕ್ವಾಶು.

"ಮುರುಗಲು ಅಷ್ಟು ಹುಳಿ ಇದ್ದು, ಅದ್ಕೆ ಎಂತ ಆಗ್ತು?" ಹೇಳಿ ಕೇಳವು ಇದ್ದ. ಹುಳಿ ಇದ್ದದ್ದು ದೊಡ್ಡ ರಕ್ಷಣೆಯೇ ಹೌದು, ಅನುಮಾನ ಇಲ್ಲೆ. ಪಿಎಚ್ 4.6ಕ್ಕಿಂತ ಕಡಿಮೆ ಇಪ್ಪ ಹುಳಿ ಪದಾರ್ಥದಲ್ಲಿ ಬೊಟುಲಿಸಂ ಹೇಳ ಜೀವ ತೆಗೆವ ವಿಷದ ಬ್ಯಾಕ್ಟೀರಿಯಾ ಬೆಳೆಯಲಾಗ್ತಿಲ್ಲೆ. ಮುರುಗಲು, ಲಿಂಬೆ, ನೆಲ್ಲಿ, ಅನಾನಸ್ ಎಲ್ಲ ಈ ಬದಿಗೆ ಬತ್ತು. ಆದ್ರೆ ಯೀಸ್ಟ್‌ಗೆ, ಬೂಷ್ಟಿಗೆ ಹುಳಿಯ ಹೆದರಿಕೆ ಇಲ್ಲೆ. ಸಕ್ಕರೆ ಕಡಿಮೆ ಇಪ್ಪ ಮುರುಗಲು ಸಿರಪ್ಪು ಜುಲೈ ತಿಂಗಳಲ್ಲಿ ನೊರೆ ಬಿಟ್ಟು, ಬಾಟ್ಲಿ ಉಬ್ಬಿ, ಮುಚ್ಚಳ ತೆಗೆದ ಕೂಡ್ಲೆ 'ಬುಸ್' ಹೇಳದು ಅದ್ಕೇಯ. ಅದು ಯೀಸ್ಟ್ ಕೆಲಸ. ಗಾಜಿನ ಬಾಟ್ಲಿ ಗಟ್ಟಿ ಮುಚ್ಚಿಟ್ಟಿದ್ರೆ ಒಡೆದು ಸಿಡಿಯಲೂ ಸಾಕು.

ಹಲಸಿನ ಹಣ್ಣು, ಬಾಳೆಹಣ್ಣು, ಪಪ್ಪಾಯಿಯ ಕಥೆ ಬೇರೆ. ಇವಕ್ಕೆ ಹುಳಿ ಸಾಲ್ತಿಲ್ಲೆ. ಹಲಸಿನ ಹಣ್ಣಿನ ರಸವನ್ನ ಬರೀ ಕಾಯಿಸಿ, ಬಾಟ್ಲಿಗೆ ತುಂಬಿ, ಗಾಳಿ ಹೋಗದ ಹಂಗೆ ಮುಚ್ಚಿ ಹೊರಗೆ ಇಡ ಕೆಲಸವನ್ನ ಯಾರೂ ಮಾಡಡಿ. ಮನೆಯ ಕುದಿಯಲ್ಲಿ ಸಾಯದ ಬೀಜಾಣು ಅದರಲ್ಲಿ ಉಳ್ಕಂಡ್ರೆ, ಗಾಳಿ ಇಲ್ಲದ ಜಾಗವೇ ಅದಕ್ಕೆ ಹಿತ. ಆ ವಿಷ ವಾಸನೆಯಲ್ಲಾಗಲಿ, ರುಚಿಯಲ್ಲಾಗಲಿ ಗೊತ್ತಾಗವು ಹೇಳಿ ಇಲ್ಲೆ. ಹಲಸಿನ ಹಣ್ಣನ್ನ ಹಪ್ಪಳದ ಹಂಗೆ ತೆಳ್ಳಗೆ ಒಣಗಿಸಿ, ಇಲ್ಲ ಬೆಲ್ಲ ಹಾಕಿ ನೀರು ಆರವರೆಗೆ ಕಾಸಿ ಗಟ್ಟಿ ಮಾಡಿ, ಇಲ್ಲ ಫ್ರೀಜರಿಗೆ ಹಾಕಿ. ನಾಲ್ಕನೇ ದಾರಿ ಬೇಡ.

ಈಗ ಮುಚ್ಚಳ ತೆಗೆದ ಮೇಲಿನ ಮಾತಿಗೆ ಬತ್ತಿ. ಬಿಸಿ ಪಾಕ ತುಂಬಿ ಮುಚ್ಚಿದ ಬಾಟ್ಲಿ ಒಂದು ಮಟ್ಟಕ್ಕೆ ಶುದ್ಧ ಇರ್ತು. ತೆಗೆದ ಕ್ಷಣದಿಂದ ಗಾಳಿಯಲ್ಲಿಪ್ಪ ಬೂಷ್ಟಿನ ಬೀಜ ಒಳಗೆ ಇಳಿತು. ದೋಸೆಗೆ ತಾಗಿದ ಚಮಚ ಮತ್ತೆ ಬಾಟ್ಲಿಗೆ ಹೋಗ್ತು. ಯಂಗಳ ಬದಿ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದ್ದು, ಅದನ್ನ ಯಾರೂ ಗಮನಿಸ್ತಿಲ್ಲೆ. ಫ್ರಿಜ್ಜಿಂದ ತೆಗೆದ ತಣ್ಣನೆ ಬಾಟ್ಲಿಯನ್ನ ಮುಚ್ಚಳ ತೆಗೆದು ಆಸರಿ ಮುಗಿಯವರೆಗೆ ಮೇಜಿನ ಮೇಲೆ ಇಟ್ರೆ, ಆಷಾಢದ ಒದ್ದೆ ಗಾಳಿ ತಣ್ಣನೆ ಪಾಕದ ಮೇಲೆ ನೀರಾಗಿ ಕೂರ್ತು. ಬಾಟ್ಲಿಯ ಹೊರಗೆ ಹನಿ ಕಾಣ್ತಲ್ದ, ಒಳಗೂ ಅದೇ ಆಗ್ತು. ಮೇಲಿನ ಪದರದಲ್ಲಿ ಸಕ್ಕರೆ ತೆಳ್ಳಗಾಗ್ತು, ಬೂಷ್ಟು ಮೊದಲು ಅಲ್ಲೇ ಹಿಡಿತು. ಹಂಗಾಗಿ ಬೇಕಾದಷ್ಟು ಬಟ್ಟಲಿಗೆ ತೆಗೆದು, ಬಾಟ್ಲಿ ಕೂಡ್ಲೆ ಮುಚ್ಚಿ ಒಳಗೆ ಇಡವು. ಬಟ್ಟಲಲ್ಲಿ ಉಳಿದದ್ದನ್ನ ಮತ್ತೆ ಬಾಟ್ಲಿಗೆ ಹಾಕಲಾಗ.

ಎಷ್ಟು ದಿನ ಹೇಳದಕ್ಕೆ ಬತ್ತಿ. ಪೂರಾ ಸಕ್ಕರೆ ಹಾಕಿದ ಜಾಮು ತೆಗೆದ ಮೇಲೆ ಫ್ರಿಜ್ಜಲ್ಲಿ ಒಂದು ತಿಂಗಳು. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿಪ್ಪ ಮನೆ-ಆಹಾರ ಸಂರಕ್ಷಣೆಯ ರಾಷ್ಟ್ರೀಯ ಕೇಂದ್ರವೂ ಹೆಚ್ಚುಕಡಿಮೆ 4 ಡಿಗ್ರಿ ಸೆಲ್ಸಿಯಸ್ ತಣ್ಣಗಿದ್ರೆ ಒಂದು ತಿಂಗಳು, ಸಕ್ಕರೆ ಕಡಿಮೆ ಇದ್ರೆ ಅದಕ್ಕಿಂತ ಬೇಗ ಹೇಳಿಯೇ ಹೇಳ್ತು. ಸಕ್ಕರೆ ಕಡಿಮೆ ಜಾಮಿಗೆ ಯಾನು ಇಡ ಗಡುವು ಎರಡು ವಾರ. ಎರಡು ಪಾಲು ಸಕ್ಕರೆಯ ಮುರುಗಲು ಸಿರಪ್ಪು ಫ್ರಿಜ್ಜಲ್ಲಿ ಎರಡು ತಿಂಗಳು ಧೈರ್ಯವಾಗಿ ಬಳಸಲಕ್ಕು. ಅರ್ಧ ಸಕ್ಕರೆಯದ್ದಾದ್ರೆ ಮೂರು ವಾರಕ್ಕಿಂತ ಹೆಚ್ಚು ಬೇಡ. ಸಕ್ಕರೆ ಇಲ್ಲದ ಮಾವಿನ ರಸ ಎರಡು-ಮೂರು ದಿನ. ನೀರು ಬೆರೆಸಿದ ಶರಬತ್ತು ಆ ದಿನವೇ ಖಾಲಿ ಆಗವು. ಬೆಲ್ಲದ ಗುಳಂಬಕ್ಕೆ ಬೆಲ್ಲವೇ ಗಾಳಿಯ ನೀರು ಎಳೆಯದ್ರಿಂದ, ಮಳೆಗಾಲದಲ್ಲಿ ಅದನ್ನೂ ಫ್ರಿಜ್ಜಿಗೇ ಸೇರಸವು. ಫ್ರಿಜ್ಜಲ್ಲೂ ಬಾಗಿಲಿನ ಖಾನೆ ಬೇಡ, ಅದು ತೆಗೆದು-ಮುಚ್ಚಿ ಮಾಡದ್ರಲ್ಲಿ ಎಲ್ಲಕ್ಕಿಂತ ಬೆಚ್ಚಗೆ. ಒಳಗಿನ ಹಲಗೆ ಮೇಲೆ ಇಡಿ.

ಬೂಷ್ಟಿನ ವಿಷಯದಲ್ಲಿ ಯಾನು ರಾಜಿ ಮಾಡ್ತಿಲ್ಲೆ. "ಮೇಲಿಂದು ತೆಗೆದ್ರಾತು, ಅಡಿಗೆ ಎಂತ ಆಜಿಲ್ಲೆ" ಹೇಳದು ಯಂಗಳಲ್ಲಿ ಮನೆ ಮನೆ ಮಾತು. ಕಣ್ಣಿಗೆ ಕಾಣ ಬಿಳಿ-ಹಸಿರು ಬೂಷ್ಟು ಮೇಲಿನ ಹೂವಿದ್ದಂಗೆ. ಅದರ ಎಳೆ ಮೆತ್ತನೆ ಪಾಕದ ಒಳಗೆ ಇಳಿದಿರ್ತು. ಕೆಲವು ಜಾತಿ ಬೂಷ್ಟು ಬಿಡ ವಿಷ ಮತ್ತೊಂದ್ಸಲ ಕುದಿಸಿದ್ರೂ ಪೂರಾ ಹೋಗ್ತಿಲ್ಲೆ. ಅಷ್ಟೇ ಅಲ್ಲ, ಬೂಷ್ಟು ಪಾಕದ ಹುಳಿಯನ್ನೇ ತಿಂದು ಕಡಿಮೆ ಮಾಡ್ತು. ಆಗ ಹುಳಿಗೆ ಹೆದರಿ ದೂರ ಇದ್ದ ಬೇರೆ ಬ್ಯಾಕ್ಟೀರಿಯಾಕ್ಕೂ ಬಾಗಿಲು ತೆಗೆದಂಗೆ ಆಗ್ತು. ಬೂಷ್ಟು ಕಂಡ್ರೆ, ನೊರೆ ಬಂದ್ರೆ, ಹೆಂಡದ ವಾಸನೆ ಬಂದ್ರೆ, ಮುಚ್ಚಳ ಉಬ್ಬಿದ್ರೆ, ಮುಚ್ಚಳದ ಒಳಗೆ ತುಕ್ಕು ಹಿಡಿದಿದ್ರೆ ಇಡೀ ಬಾಟ್ಲಿ ಚೆಲ್ಲಿ. ರುಚಿ ನೋಡಲೆ ಹೋಗಡಿ. ದನಕ್ಕೆ ಆಗ್ತು ಹೇಳಿ ಅಕ್ಕಚ್ಚಿನ ಬಾಲ್ದಿಗೂ ಹಾಕಡಿ, ಅದಕ್ಕೂ ಹೊಟ್ಟೆ ಇದ್ದು.

ಫ್ರಿಜ್ಜು ಇದ್ದಲ್ಲ, ಮತ್ತೆಂತ ಚಿಂತೆ ಹೇಳಿ ಪೇಟೆಯವು ಕೇಳಕ್ಕು. ಯಂಗಳ ಹಳ್ಳಿಯ ಮಳೆಗಾಲ ನೋಡಿದವ್ವು ಹಂಗೆ ಕೇಳ್ತವಿಲ್ಲೆ. ಲೈನು ಬಪ್ಪದು ಕಾಡಿನ ಮಧ್ಯದಿಂದ. ಗಾಳಿಗೆ ಒಂದು ಮರ ಬಿದ್ರೆ ಕರೆಂಟು ಒಂದು ದಿನ, ಎರಡು ದಿನ, ಕೆಲವು ಕಡೆ ವಾರಗಟ್ಟಲೆ ಇಲ್ಲೆ. ಬಾಗಿಲು ತೆಗೆಯದ್ದೆ ಇಟ್ರೆ ಫ್ರಿಜ್ಜು ತಣ್ಣಗಿಪ್ಪದು ಸುಮಾರು 4 ತಾಸು. ಅದಾದ ಮೇಲೆ ಅದು ಬೆಳ್ಳಗಿನ ಕಪಾಟು, ಅಷ್ಟೇಯ. ಪೂರಾ ಸಕ್ಕರೆಯ ಜಾಮು, ಗಟ್ಟಿ ಸಿರಪ್ಪು ಒಂದೆರಡು ದಿನ ಕರೆಂಟಿಲ್ದೇ ಇದ್ರೂ ತಡಕಳ್ತು. ಸಕ್ಕರೆ ಕಡಿಮೆ ಇಪ್ಪದು, ಫ್ರೀಜರಿನಲ್ಲಿಟ್ಟು ಕರಗಿದ ರಸ ತಡಕಳ್ತಿಲ್ಲೆ. ಇದನ್ನ ನೋಡಿದ್ರೇ ಗೊತ್ತಾಗ್ತು, ಬೆಂಗಳೂರಿನ ಮನೆಗೆ ಹೊಂದ ಕ್ರಮ ಯಂಗಳ ಹಳ್ಳಿಗೆ ಹಂಗೇ ಹೊಂದ್ತಿಲ್ಲೆ. ಫ್ರಿಜ್ಜಿನ ಭರವಸೆ ಮೇಲೆ ಸಕ್ಕರೆ ಕಡಿಮೆ ಮಾಡಿ ವರ್ಷದ ದಾಸ್ತಾನು ಮಾಡದು ಇಲ್ಲಿ ನಡೆಯ ಕೆಲಸ ಅಲ್ಲ.

ಹಂಗಾದ್ರೆ ಶುಗರ್ ಇಪ್ಪವು ಎಂತ ಮಾಡವು? ಅವಕ್ಕೆ ಬೇಕಾಗಿಯೇ ಸಕ್ಕರೆ ಕಡಿಮೆ ಮಾಡದು, ಅದು ಸರಿಯಾದ ಕಾಳಜಿಯೇ. ಆದ್ರೆ ಇಲ್ಲೊಂದು ಎಡವಟ್ಟು ಇದ್ದು. ಬೇಗ ಹಾಳಪ್ಪ ಬಾಟ್ಲಿಯನ್ನ ಯಂಗ ಕೊಡದು ಯಾರಿಗೆ? ಮನೆಯ ವಯಸ್ಸಾದವಕ್ಕೆ, ಶುಗರ್ ಇಪ್ಪವಕ್ಕೆ. ಹಾಳಾದ ಆಹಾರವನ್ನ ತಡಕಂಬ ಶಕ್ತಿ ಕಡಿಮೆ ಇಪ್ಪದೂ ಅವಕ್ಕೇ. "ಯಂಗ ಎಷ್ಟು ವರ್ಷ ಆತು ತಿಂತಾ ಇದ್ಯ, ಎಂತೂ ಆಜಿಲ್ಲೆ" ಹೇಳದು ಗಟ್ಟಿಮುಟ್ಟು ಇಪ್ಪವರ ಮಾತು. ಬಸುರಿಯರು, ಸಣ್ಣ ಮಕ್ಕ, ಎಂಬತ್ತು ದಾಟಿದ ಅಜ್ಜ-ಅಮ್ಮಮ್ಮ ಇಪ್ಪ ಮನೆಯಲ್ಲಿ ಆ ಮಾತು ನಡೆತಿಲ್ಲೆ. ಅವಕ್ಕೆ ಸಕ್ಕರೆ ಕಡಿಮೆ ಇಪ್ಪದನ್ನ ಮಾಡಿ, ಆದ್ರೆ 100-150 ಗ್ರಾಂ ಹಿಡಿಯ ಸಣ್ಣ ಬಾಟ್ಲಿಯಲ್ಲಿ, ವಾರ-ಹತ್ತು ದಿನಕ್ಕೆ ಮುಗಿಯ ಹಂಗೆ. ಒಳ್ಳೆ ಸಿರಪ್ಪನ್ನೇ ಸ್ವಲ್ಪ ಹಾಕಿ, ನೀರು ಹೆಚ್ಚು ಮಾಡಿ, ಜೀರಿಗೆ-ಉಪ್ಪು ಹಾಕಿ ಕೊಡದೂ ಒಂದು ದಾರಿ. ಬಾಟ್ಲಿಯಲ್ಲಿ ಸಕ್ಕರೆ ಇರಲಿ, ಲೋಟಕ್ಕೆ ಕಡಿಮೆ ಬರಲಿ. ಅದೂ ಬೇಡ ಅಂದ್ರೆ ಒಣಗಿಸಿದ ಮುರುಗಲು ಸಿಪ್ಪೆ ಇದ್ದೇ ಇದ್ದು. ಬೇಕಾದಾಗ ನೆನೆಸಿ ಕಿವುಚಿದ್ರಾತು, ಸಕ್ಕರೆಯ ಸುದ್ದಿಯೇ ಇಲ್ಲೆ.

ಇದು ಮನೆಯ ಮಾತಾತು. ಈಗ ಮಾರ ಬಾಟ್ಲಿಯ ಮಾತು. ಯಂಗಳ ಮೂರೂ ತಾಲ್ಲೂಕಿನಲ್ಲಿ ಎಷ್ಟೋ ಮನೆ ಹೆಂಗಸರು, ಸ್ವಸಹಾಯ ಸಂಘದವು ಜಾಮು, ಸಿರಪ್ಪು, ಉಪ್ಪಿನಕಾಯಿ ಮಾಡಿ ನಾಲ್ಕು ಕಾಸು ದುಡಿತ. ಅಡಕೆ ಮಾರಲೆ ಹೇಳಿ 1923ರಲ್ಲಿ ಸಹಕಾರಿ ಸಂಘ ಕಟ್ಟಿದ ಊರು ಇದು. ಒಟ್ಟಿಗೆ ಸೇರಿ ಮಾಲಿನ ಗುಣಮಟ್ಟ ಕಾಯದು, ಮಾರುಕಟ್ಟೆ ಹಿಡಿಯದು ಯಂಗಕ್ಕೆ ಹೊಸತಲ್ಲ. ಆದ್ರೆ ಮನೆ ತಯಾರಿಕೆಯ ಬಾಟ್ಲಿಯ ಚೀಟಿ ನೋಡಿ. ಮಾಡಿದ ತಿಂಗಳು ಇರ್ತು, 'ಆರು ತಿಂಗಳೊಳಗೆ ಬಳಸಿ' ಹೇಳಿ ಇರ್ತು, 'ಯಾವುದೇ ರಾಸಾಯನಿಕ ಇಲ್ಲ' ಹೇಳದು ದಪ್ಪ ಅಕ್ಷರದಲ್ಲಿ ಇರ್ತು. ತೆಗೆದ ಮೇಲೆ ಎಂತ ಮಾಡವು ಹೇಳದು ಸುಮಾರು ಬಾಟ್ಲಿಯಲ್ಲಿ ಇರ್ತಿಲ್ಲೆ. ತಗಂಡವ ಆರು ತಿಂಗಳು ಹೇಳದನ್ನ ತೆಗೆದ ಬಾಟ್ಲಿಗೂ ಲೆಕ್ಕ ಹಾಕ್ತ. ತಪ್ಪು ಅವಂದಲ್ಲ.

ರಾಸಾಯನಿಕ ಇಲ್ಲ ಹೇಳದನ್ನ ಹೆಮ್ಮೆಯಿಂದ ಬರೆಯಿ, ತಕರಾರಿಲ್ಲೆ. ಆದ್ರೆ ಅದು ಇಲ್ಲ ಅಂದ ಮೇಲೆ ಜವಾಬ್ದಾರಿ ಹೆಚ್ಚು, ಕಡಿಮೆ ಅಲ್ಲ. ಹಾಕವು ಅಂದ್ರೂ ತಿಳ್ಕಂಡು ಹಾಕವು. ಅನಾನಸ್, ಮಾವಿಗೆ ಹಾಕ ಪೊಟ್ಯಾಶಿಯಂ ಮೆಟಾಬೈಸಲ್ಫೈಟನ್ನ ಮುರುಗಲಿಗೆ ಹಾಕಿದ್ರೆ ಅದರ ಕೆಂಪು ಬಿಳಚಿ ಹೋಗ್ತು, ಅದ್ಕೇ ಕೆಂಪು ಹಣ್ಣಿಗೆ ಸೋಡಿಯಂ ಬೆಂಜೋಯೇಟ್ ಬಳಸದು. ಎರಡಕ್ಕೂ ಕಾಯ್ದೆಯಲ್ಲಿ ಮಿತಿ ಇದ್ದು, ಚಿಟಿಕೆ ಲೆಕ್ಕ ನಡೆತಿಲ್ಲೆ, ತೂಕ ಮಾಡಿಯೇ ಹಾಕವು. ಇದನ್ನೆಲ್ಲ ಕಲಿಯಲೆ ಮೈಸೂರಿನ ಸಿ.ಎಫ್.ಟಿ.ಆರ್.ಐ. 1950ರಿಂದ ಇದ್ದು, ಹಣ್ಣು-ತರಕಾರಿ ಸಂಸ್ಕರಣೆಗೆ ಅಲ್ಲಿ ತರಬೇತಿಯೂ ಇದ್ದು. ಒಂದು ಸಂಘಕ್ಕೆ ಒಂದು ರಿಫ್ರ್ಯಾಕ್ಟೋಮೀಟರ್ ತಗಂಡ್ರೆ ಸಾಕು. ಕೈಯಲ್ಲಿ ಹಿಡಿಯ ಸಣ್ಣ ಕೊಳವೆ ಅದು. ಗಾಜಿನ ಮೇಲೆ ಒಂದು ಹನಿ ಪಾಕ ಹಾಕಿ ಬೆಳಕಿಗೆ ಹಿಡಿದು ನೋಡಿದ್ರೆ 65 ಬಂತಾ, 50 ಬಂತಾ ಹೇಳಿ ಕಾಣ್ತು. ಎಳೆ ಪಾಕ ಬಂತಾ ಹೇಳಿ ಬೆರಳಲ್ಲಿ ನೋಡದು ಮನೆಗೆ ಆತು, ಮಾರಲೆ ಅಷ್ಟು ಸಾಲ್ತಿಲ್ಲೆ.

ಯನ್ನ ಬೇಡಿಕೆ ಎರಡೇ. ಒಂದು, ಚೀಟಿಯಲ್ಲಿ ಕನ್ನಡದಲ್ಲಿ, ಓದಲೆ ಬಪ್ಪಷ್ಟು ದೊಡ್ಡ ಅಕ್ಷರದಲ್ಲಿ ಒಂದು ಸಾಲು: 'ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿಡಿ, ಒಣ ಚಮಚ ಬಳಸಿ, ಇಷ್ಟು ದಿನದೊಳಗೆ ಮುಗಿಸಿ.' ಅದರ ಕೆಳಗೆ 'ತೆಗೆದ ತಾರೀಖು' ಹೇಳಿ ಒಂದು ಖಾಲಿ ಜಾಗ. ಎರಡು, ಕಿಲೋ ಬಾಟ್ಲಿಯ ಜೊತೆಗೆ 200 ಗ್ರಾಂ ಬಾಟ್ಲಿಯನ್ನೂ ಮಾರವು. ಸಣ್ಣ ಬಾಟ್ಲಿಗೆ ಗಾಜಿನ ಖರ್ಚು ಹೆಚ್ಚು ಬೀಳ್ತು ಹೇಳದು ಹೌದು. ಆದ್ರೆ ಕಿಲೋ ಬಾಟ್ಲಿ ತಗಂಡು ಅರ್ಧ ಚೆಲ್ಲಿದವ ಮುಂದಿನ ವರ್ಷ ಯಂಗಳ ಮಾಲು ತಗತ್ನಿಲ್ಲೆ. ಸಣ್ಣದನ್ನ ಖಾಲಿ ಮಾಡಿದವ ಮತ್ತೊಂದು ತಗತ್ತ. ವ್ಯಾಪಾರದ ಲೆಕ್ಕದಲ್ಲೂ ಇದೇ ಸರಿ.

ಬೆಂಗಳೂರಿನ ಮಕ್ಕಕ್ಕೆ ಕೊಟ್ಟು ಕಳಸ ಬಾಟ್ಲಿಗೂ ಇದೇ ಮಾತು. ರಾತ್ರಿ ಬಸ್ಸಿನಲ್ಲಿ ಹೋಪ ಡಬ್ಬಿ, ಪಿ.ಜಿ.ಯಲ್ಲಿ ಫ್ರಿಜ್ಜು ಇದ್ರೂ ಹತ್ತು ಜನಕ್ಕೆ ಒಂದು. ಆಯಿ ಪ್ರೀತಿಯಿಂದ ಎರಡು ಕಿಲೋ ಜಾಮು ಕಳಿಸಿದ್ರೆ ಮಾಣಿ ಅದನ್ನ ಮೂರು ತಿಂಗಳು ಕಿಟಕಿ ಮೇಲೆ ಇಟ್ಗಂಡು ತಿಂತ. ಅದರ ಬದಲು ಎಂಟು ಸಣ್ಣ ಬಾಟ್ಲಿ ಮಾಡಿ, ಒಂದು ಮುಗಿದ ಮೇಲೆ ಇನ್ನೊಂದು ತೆಗೆಯಲೆ ಹೇಳಿ ಕಳಸಿ. ತೆಗೆಯದ ಬಾಟ್ಲಿ ಕಾಯ್ತು, ತೆಗೆದದ್ದು ಕಾಯ್ತಿಲ್ಲೆ.

ಈ ವರ್ಷದ ಬಾಟ್ಲಿಗಳನ್ನ ತುಂಬಕಿದ್ರೆ ಮೊದಲು ಮನೆಯಲ್ಲಿಪ್ಪ ಸಣ್ಣ ಬಾಟ್ಲಿಗಳನ್ನ ಒಟ್ಟು ಮಾಡಿ, ತೊಳೆದು, ನೀರಲ್ಲಿ 10 ನಿಮಿಷ ಕುದಿಸಿ, ಪೂರಾ ಒಣಗಿಸಿ. ತುಕ್ಕು ಹಿಡಿದ ಮುಚ್ಚಳ ಎಸೆಯಿರಿ. ಕಾಗದದ ಪಟ್ಟಿ, ಒಂದು ಪೆನ್ನು ಅಡುಗೆ ಮನೆ ಕಪಾಟಿನಲ್ಲೇ ಇರಲಿ. ಯಾರು ಮುಚ್ಚಳ ತೆಗೆತ್ವೋ ಅವ್ವೇ ತಾರೀಖು ಬರೆಯವು, ಮಕ್ಕ ಆದ್ರೂ ಸೈ. ಒಂದು ಮಳೆಗಾಲ ಹಿಂಗೆ ಮಾಡಿ ನೋಡಿ. ಎಷ್ಟು ಬಾಟ್ಲಿ ಚೆಲ್ಲದು ತಪ್ಪಿತು ಹೇಳದು ದೀಪಾವಳಿ ಹೊತ್ತಿಗೆ ನಿಂಗಕ್ಕೇ ಗೊತ್ತಾಗ್ತು.